ಶಾರದಾ ಮುಲ್ಕಿ ಆಗಿಲ್ಲ

ಅಫಜಲಪುರದ ಸುಭದ್ರಾಬಾಯಿ ಸುಲಭಕ್ಕೆ ನಂಬುವ ಹೆಂಗಸಲ್ಲ. ಮೊಸರು ಮಾರುವವಳು "ಎಮ್ಮಿ ನಿನ್ನೆ ಈದದರಿ" ಎಂದರೆ ಕರುವನ್ನು ಹೊಡೆದುಕೊಂಡು ಬಾ ಎನ್ನುವವಳು. ಬಾಗಿಲಿಗೆ ಬಂದ ಜಂಗಮರು ಮುಂದೆ ಒಳ್ಳೆಯ ಕಾಲವಿದೆಯೆಂದರೆ ಯಾವ ತಿಂಗಳಿನಿಂದ ಎಂದು ಕೇಳುವವಳು. "ನಮ್ಮ ಸೊಸಿ ಕನ್ನಡ್ಯಾಗ ತನ್ನ ಮುಖ ಕಂಡರ, ಕನ್ನಡಿ ಹಿಂದ ಯಾರ ನಿಂತಾರ ಅಂತ ನೋಡಿ ಬರ್ತಾಳ" ಎಂದು ಅತ್ತೆ ಬಾಳಮ್ಮ ಓಣಿಯಲ್ಲೆಲ್ಲ ಹೇಳಿ ನಗುತ್ತಿದ್ದಳು. ಗಂಡ ದೌಲತರಾಯನ ಸ್ವಭಾವ ಇದಕ್ಕೆ ತದ್ವಿರುದ್ಧ. ಹೊಲ, ಎತ್ತು, ಬಾಯಲ್ಲಿ ಎಲೆಅಡಿಕೆ, ಇವಿಷ್ಟಿದ್ದರೆ ಅವನ ಪಾಲಿಗೆ ಜಗತ್ತಿನವರೆಲ್ಲ ಒಳ್ಳೆಯವರು. ದೇವರು ಒಂದೊಂದು ಮನೆಗೆ ಇಂತಿಷ್ಟು ಅನುಮಾನ ಎಂದು ಅಳೆದು ಕೊಟ್ಟಿರುತ್ತಾನೋ ಏನೋ, ಈ ಮನೆಯಲ್ಲಿ ಅದಷ್ಟೂ ಒಬ್ಬಳ ಉಡಿಗೇ ಬಿದ್ದಿತ್ತು.

ಅಂಥವಳು ಒಂದೇ ಒಂದು ಸಂಗತಿಯನ್ನು ಕಣ್ಣು ಮುಚ್ಚಿ ನಂಬಿದ್ದಳು. ಮೂರು ವರ್ಷದ ಹಿಂದೆ ಹೆಣ್ಣುಮಕ್ಕಳ ಸಾಲಿಯ ತಪಾಸಣೆಗೆಂದು ಹೈದರಾಬಾದಿನಿಂದ ಒಬ್ಬ ಬಾಯಿ ಬಂದಿದ್ದಳು. ಕಣ್ಣಿಗೆ ಚಷ್ಮಾ, ಕೈಯಲ್ಲಿ ಚರ್ಮದ ಚೀಲ. ಅವಳು ಚಾವಡಿಯ ಮುಂದೆ ಹಾಯ್ದು ಹೋಗುವಾಗ ಕಟ್ಟೆಯ ಮೇಲೆ ಕೂತ ಗಂಡಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಮನೆಯ ಹೆಂಗಸರು ಮುಂದೆ ಬಂದರೆ ಕಾಲು ಕೂಡ ಮಡಚದ ಮಂದಿ. ಆ ಬಾಯಿ ಬಿ.ಎ. ಆಗಿದ್ದಾಳಂತೆ ಎಂದು ಆಮೇಲೆ ಗೊತ್ತಾಯಿತು. ಎರಡು ಅಕ್ಷರಕ್ಕೆ ಊರ ಗಂಡಸರನ್ನು ಎಬ್ಬಿಸಿ ನಿಲ್ಲಿಸುವ ಶಕ್ತಿ ಇದೆಯೆಂಬುದನ್ನು ಸುಭದ್ರಾಬಾಯಿ ಕಿಂಡಿಯಿಂದ ತಾನೇ ನೋಡಿದ್ದಳು. ಅಂದೇ ನಿರ್ಧರಿಸಿದಳು: ಮಗಳು ಶಾರದಾ ಬಿ.ಎ. ಆಗಬೇಕು.

ಬಿ.ಎ.ಗೆ ಕಾಲೇಜು ಬೇಕು, ಕಾಲೇಜಿಗೆ ಮ್ಯಾಟ್ರಿಕ್ಕು ಬೇಕು, ಮ್ಯಾಟ್ರಿಕ್ಕಿಗೆ ಹೈಸ್ಕೂಲು ಬೇಕು. ಹದಿಮೂರು ವರ್ಷದ ಶಾರದಾ ಊರ ಸಾಲಿಯಲ್ಲಿ ಇದ್ದಬದ್ದ ತರಗತಿಗಳನ್ನೆಲ್ಲ ಮುಗಿಸಿ, ಮುಂದಿನ ಪಾಠವನ್ನು ಶರಫುದ್ದೀನ ಮಾಸ್ತರರಿಂದ ಮನೆಯಲ್ಲೇ ಉರ್ದುವಿನಲ್ಲಿ ಕಲಿತಿದ್ದಳು. ಕನ್ನಡ ತಾಯಿಯಿಂದ ಬಂದದ್ದು, ವಚನದ ಪುಸ್ತಕ ಓದುವಷ್ಟು. ಇನ್ನು ಮುಂದೆ ದಾರಿ ಎರಡು. ಒಂದು, ಕಲಬುರ್ಗಿಯ ಜನಾನಾ ಹೈಸ್ಕೂಲು: ಗೋಡೆಯೊಳಗೆ ಹುಡುಗಿಯರು ಮಾತ್ರ, ಪಾಠವೆಲ್ಲ ಉರ್ದು, ಅಲ್ಲಿಂದ ಹೈದರಾಬಾದಿನ ಕಾಲೇಜು. ಇನ್ನೊಂದು, ಭೀಮೆಯ ಆಚೆ ಇಂಗ್ರೇಜಿಯವರ ಸೀಮೆಯ ವಿಜಾಪುರ: ಹುಡುಗರೊಂದಿಗೆ ಕೂಡುವ ಸಾಲಿ, ಕನ್ನಡ, ಇಂಗ್ಲಿಷು, ಮುಂಬಯಿ ಮ್ಯಾಟ್ರಿಕ್ಕು, ಅಲ್ಲಿಂದ ಧಾರವಾಡವೋ ಪುಣೆಯೋ.

ಮೊದಲ ದಾರಿ ತೋರಿಸಿದವರು ಶರಫುದ್ದೀನ ಮಾಸ್ತರರು.

"ಬಾಯಾರ, ಹುಡುಗಿಗಿ ಉರ್ದು ನೀರಿನಂಗ ಬರ್ತದ. ಕಲಬುರ್ಗಿಗಿ ಕಳಸ್ರಿ. ನಮ್ಮ ನಾದಿನಿ ನಜಮುನ್ನಿಸಾ ಅಲ್ಲೇ ಕಲಸ್ತಾಳ. ಕಣ್ಣಾಗ ಎಣ್ಣಿ ಹಾಕ್ಕೊಂಡು ನೋಡ್ತಾಳ."

"ಒಬ್ಬ ಹುಡುಗಿ ಹೆಚ್ಚ ಸೇರಿದರ ನಿಮ್ಮ ನಾದಿನಿಗಿ ಏನ ಸಿಗತದರಿ?"

ಮಾಸ್ತರರು ಗಡ್ಡ ಸವರಿಕೊಂಡರು. "ಒಂದ ತಲಿನೋವು ಹೆಚ್ಚ ಸಿಗತದರಿ."

ಉತ್ತರ ಚೆನ್ನಾಗಿತ್ತು. ಇಷ್ಟು ಚೆನ್ನಾದ ಉತ್ತರ ಮೊದಲೇ ಕಟ್ಟಿಟ್ಟುಕೊಂಡದ್ದಿರಬೇಕು ಎಂದುಕೊಂಡಳು ಸುಭದ್ರಾಬಾಯಿ.

ಎರಡನೆಯ ದಾರಿ ತೋರಿಸಿದವನು ಅವಳ ಬೆನ್ನಿಗೆ ಬಿದ್ದ ತಮ್ಮ ನಾಗಣ್ಣ. ವಿಜಾಪುರದಲ್ಲಿ ಕಾಳಿನ ಅಂಗಡಿ ಇಟ್ಟುಕೊಂಡವನು. ಬೇಸಗೆಯಲ್ಲಿ ಬಂದಾಗ ಕೆನೆಮೊಸರಿನಲ್ಲಿ ರೊಟ್ಟಿ ಮುರಿಯುತ್ತ ಹೇಳಿದ: "ಅಕ್ಕಾ, ಉರ್ದು ಮ್ಯಾಟ್ರಿಕ್ಕು ಹೈದರಾಬಾದ ದಾಟಿದರ ನಡಿಯಂಗಿಲ್ಲ. ಮುಂಬಯಿದು ಎಲ್ಲಾ ಕಡಿ ನಡೀತದ. ಶಾರದಾ ನಮ್ಮನ್ಯಾಗ ಇರ್ಲಿ. ಸೋದರಮಾವನ ಮನಿ ಅಂದ್ರ ಪರಮನೀ ಏನು?"

ಸೋದರಮಾವನ ಮನೆ ಎಂಬ ಮಾತಿಗೇ ಸುಭದ್ರಾಬಾಯಿಯ ಕಿವಿ ನಿಮಿರಿದವು. ಸೋದರಮಾವನ ಮನೆಯಲ್ಲಿ ಶಿವಶರಣ ಎಂಬ ಹದಿನಾರು ವರ್ಷದ ಮಗನಿದ್ದಾನೆ. ಅವರ ಮಂದಿಯಲ್ಲಿ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಅಂಥ ಮನೆಯದೇ. ಓದಿಗೆಂದು ಹೋದ ಹುಡುಗಿ ಎರಡು ವರ್ಷ ಅತ್ತೆಯ ಕೈಯ ರೊಟ್ಟಿ ತಿಂದರೆ, ಮೂರನೇ ವರ್ಷ ಮಂದಿಯೇ ಅಕ್ಕಿಕಾಳು ಹಿಡಿದು ನಿಲ್ಲುತ್ತಾರೆ. ಆಮೇಲೆ ಎಲ್ಲಿಯ ಕಾಲೇಜು.

"ನಿನ್ನ ಮಗ ಯಾವ ಇಯತ್ತೆದಾಗ ಅದಾನೋ?" ಎಂದು ಹುಡುಗನ ತರಗತಿ ಕೇಳಿದಳು.

ನಾಗಣ್ಣ ನೀರು ಕುಡಿದ. "ಓದಾಕತ್ಯಾನ, ಓದಾಕತ್ಯಾನ," ಎಂದ. ಒಂದು ಮಾತನ್ನು ಎರಡು ಸಲ ಹೇಳುವವನು ಮೂರನೆಯದನ್ನು ನುಂಗಿರುತ್ತಾನೆ. ಅವಳು ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಟ್ಟಳು.

ಆದರೂ ಅರ್ಜಿ ಹಾಕು ಎಂದಳು. ಎರಡು ಬಾಗಿಲು ತೆರೆದಿರಲಿ, ಯಾವುದರ ಹಿಂದೆ ಏನಿದೆಯೋ ನೋಡಿದರಾಯಿತು.

ಹದಿನೈದು ದಿನಕ್ಕೆ ವಿಜಾಪುರದ ಹೆಡ್‌ಮಾಸ್ತರರಿಂದ ಕನ್ನಡದಲ್ಲಿ ಕಾಗದ ಬಂತು. ಸುಭದ್ರಾಬಾಯಿ ಅದನ್ನು ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಬಾಯಿಬಿಟ್ಟು ಓದಿದಳು. "ಶ್ರೀ ನಾಗಣ್ಣನವರು ಕೊಟ್ಟ ಅರ್ಜಿ ಮುಟ್ಟಿತು. ಬಾಲಿಕೆಯ ಮುಲ್ಕಿ ಸರ್ಟಿಫಿಕೇಟನ್ನು ಕೂಡಲೆ ಕಳಿಸತಕ್ಕದ್ದು. ಅಸಲೇ ಬೇಕು, ನಕಲು ನಡೆಯುವುದಿಲ್ಲ. ಮುಲ್ಕಿ ಇಲ್ಲದವರಿಗೆ ಪ್ರವೇಶವಿಲ್ಲ."

ಮುಲ್ಕಿ ಎಂದರೆ ಏನೆಂದು ನಿಜಾಮರ ಸೀಮೆಯಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಈ ಮುಲುಕಿನಲ್ಲಿ ಹುಟ್ಟಿದವರು, ಇಲ್ಲಿಯವರೇ ಎಂದು ಸರ್ಕಾರ ಸಿಕ್ಕಾ ಹೊಡೆದು ಕೊಡುವ ಕಾಗದ ಅದು. ಅದಿದ್ದವರಿಗೆ ಕಾಲೇಜಿನಲ್ಲಿ ಮೊದಲ ಜಾಗ, ಸರ್ಕಾರದ ಚಾಕರಿ. ಇಲ್ಲದವರು ಗೈರಮುಲ್ಕಿ, ಹೊರಗಿನವರು. ಶಾರದಾಳ ಹೆಸರಿನ ಕಾಗದವನ್ನು ಹೋದ ವರ್ಷವೇ ಮಾಡಿಸಿ, ಟ್ರಂಕಿನಲ್ಲಿ ಇಳಕಲ್ಲ ಸೀರೆಯ ಮಡಿಕೆಯೊಳಗೆ ಇಟ್ಟಿದ್ದಳು.

"ಇಂಗ್ರೇಜಿಯವರ ಸಾಲಿಗಿ ನಮ್ಮ ಮುಲ್ಕಿ ಯಾಕ ಬೇಕರಿ?" ಎಂದು ಕಾಗದ ಓದಿ ಹೇಳಿ ಶರಫುದ್ದೀನ ಮಾಸ್ತರರನ್ನು ಕೇಳಿದಳು.

ಅವರೂ ಹುಬ್ಬು ಗಂಟಿಕ್ಕಿದರು. "ಅದ ನನಗೂ ತಿಳೀವಲ್ದು. ಅದೂ ಅಸಲು. ಬಾಯಾರ, ಅಸಲು ಕೈ ಬಿಟ್ಟರ ಮತ್ತ ಹೈದರಾಬಾದಿನ ಬಾಗಲ ತಟ್ಟಾಕ ಕೈ ಇರಂಗಿಲ್ಲ. ಕಲಬುರ್ಗಿಯವರೂ ಅದನ್ನ ನೋಡೇ ಹೆಸರ ಹಚ್ಚಕೊಳ್ಳೋದು."

ಸುಭದ್ರಾಬಾಯಿಗೆ ಅಜ್ಜಿಯ ಕತೆಯೊಂದು ನೆನಪಾಯಿತು. ಹೊಳೆ ದಾಟಿಸುವ ಒಬ್ಬ ಅಂಬಿಗ. ಅವನಿಗೆ ದುಡ್ಡು ಬೇಡ, ಕಾಳು ಬೇಡ. ದಾಟುವವರ ನೆರಳು ಬೇಕು. ನೆರಳಿನಿಂದ ತನಗೇನಾಗಬೇಕಿದೆ ಎಂದು ಹೆಣ್ಣುಮಗಳೊಬ್ಬಳು ಬಿಚ್ಚಿ ಕೊಟ್ಟಳು. ಆಚೆ ದಂಡೆಯಲ್ಲಿ ಚಂದದ ಊರು, ಮುತ್ತಿನ ತೋರಣದ ಮನೆ. ಆದರೆ ನಾಗರ ಪಂಚಮಿಗೆ ತವರಿಗೆ ಬಂದಾಗ ಸಾಕಿದ ನಾಯಿಯೇ ಬೊಗಳಿತು, ಹೆತ್ತ ತಾಯಿ ಬಾಗಿಲು ತೆಗೆಯಲಿಲ್ಲ. ನೆರಳಿಲ್ಲದವಳನ್ನು ಮಗಳು ಎಂದು ಯಾರು ಅಂದಾರು?

ಈಗ ಎಲ್ಲ ತಿಳಿಯಾಯಿತು. ಶಾರದಾಳ ಮುಲ್ಕಿ ಕಾಗದ ವಿಜಾಪುರದ ಕಪಾಟಿನಲ್ಲಿ ಬಿದ್ದರೆ, ನಡುವೆ ಓದು ಬಿಡಿಸಿ ಲಗ್ನ ಮಾಡುತ್ತೇವೆಂದು ನಾಗಣ್ಣ ಹಟ ಹಿಡಿದಾಗ ಹುಡುಗಿಯನ್ನು ಮರಳಿ ತಂದು ಕಲಬುರ್ಗಿಗೆ ಹಾಕಲು ದಾರಿಯೇ ಇರುವುದಿಲ್ಲ. ತಮ್ಮ ಹೆಡ್‌ಮಾಸ್ತರರನ್ನೂ ಕೂಡಿಸಿಕೊಂಡಿದ್ದಾನೆ.

"ಕಾಗದ ಕಳಸಂಗಿಲ್ಲ," ಎಂದು ಗಂಡನಿಗೆ ಹೇಳಿ, ಟ್ರಂಕಿನ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು.

ಕಾಗದ ಆಗಲೇ ಹೋಗಿಬಿಟ್ಟಿತ್ತು. ಹಿಂದಿನ ದಿನ ಅವಳು ಹೊಲಕ್ಕೆ ಬುತ್ತಿ ಕಳಿಸುವ ಗಡಿಬಿಡಿಯಲ್ಲಿದ್ದಾಗ ದೌಲತರಾಯ ಟ್ರಂಕು ತೆಗೆದು, ಸ್ಟೇಶನ್ನಿಗೆ ಹೊರಟವರ ಕೈಯಲ್ಲಿ ರಜಿಸ್ಟರ್ ಟಪಾಲು ಮಾಡಿಸಿದ್ದ.

"ದೊಡ್ಡ ಮನುಷ್ಯಾರು ಕೇಳ್ಯಾರ, ನಾಗಣ್ಣನೂ ಕಳಸ್ರಿ ಅಂತ ಬರದಾನ, ಕೊಟ್ಟೆ," ಎಂದ. "ಅದನ್ನ ಅವರೇನ ಹುರದ ತಿಂತಾರ?"

ಸುಭದ್ರಾಬಾಯಿ ಬಯ್ಯಲಿಲ್ಲ. ಒಂಬತ್ತು ದಿನ ಗಂಡನಿಗೆ ಎಲೆಅಡಿಕೆಯ ತಬಕನ್ನು ಮುಂದೆ ತಂದಿಡಲಿಲ್ಲ, ಅಷ್ಟೆ.

ಹತ್ತನೆಯ ದಿನ ಎರಡನೆಯ ಕಾಗದ ಬಂತು. "ತಾವು ಕಳಿಸಿದ್ದು ಮುಟ್ಟಿತು. ಅದು ಮುಲ್ಕಿ ಅಲ್ಲ. ಶಾರದಾ ಇವಳು ಮುಲ್ಕಿ ಆಗಿಲ್ಲವೆಂದು ತಿಳಿಯಬೇಕಾಗುತ್ತದೆ. ಹಾಗಿದ್ದಲ್ಲಿ ಪ್ರವೇಶ ಕೊಡಲು ಬರುವುದಿಲ್ಲ." ಲಕೋಟೆಯನ್ನು ತಲೆಕೆಳಗೆ ಮಾಡಿ ಝಾಡಿಸಿದಳು. ಮಗಳ ಕಾಗದ ಅದರಲ್ಲಿ ಇರಲಿಲ್ಲ.

"ಮುಲ್ಕಿ ಆಗಿಲ್ಲಂತ?" ಬಾಳಮ್ಮ ಹಲ್ಲಿಲ್ಲದ ಬಾಯಿ ತೆರೆದಳು. "ನನ್ನ ಅತ್ತಿ ಇದೇ ಹಿತ್ತಲದಾಗ ಹಡದಾಳ. ನಾ ಇದೇ ಹಿತ್ತಲದಾಗ ಹಡದೀನಿ. ಇನ್ನ ಹೆಂಗ ಮುಲ್ಕಿ ಆಗಬೇಕಂತಬೇ ನನ್ನ ಮೊಮ್ಮಗಳು?"

ದೌಲತರಾಯ ಮೊದಲ ಸಲ ತಲೆ ಕೆರೆದುಕೊಂಡ. ಕಾಗದ ಇಟ್ಟುಕೊಂಡರು, ಪ್ರವೇಶವನ್ನೂ ಕೊಡಲಿಲ್ಲ. ಕಲಬುರ್ಗಿಯಲ್ಲಿ ಬರುವ ಗುರುವಾರ ದಾಖಲಾ ಬಂದಾಗುತ್ತದೆ ಎಂದು ಮಾಸ್ತರರು ಎರಡು ಸಲ ಹೇಳಿ ಕಳಿಸಿದ್ದರು. ಗುರುವಾರದೊಳಗೆ ಆ ಕಾಗದ ಕೈಗೆ ಬರದಿದ್ದರೆ ಶಾರದಾಳಿಗೆ ಎರಡೂ ಬಾಗಿಲು ಮುಚ್ಚಿದಂತೆ. ಈ ವಯಸ್ಸಿನಲ್ಲಿ ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿ ಮುಂದಿನ ವರ್ಷ ಹಂದರದ ಕೆಳಗೇ ಕೂಡುತ್ತಾಳೆ.

"ನಾ ಹೋಗಿ ತರ್ತೇನಿ," ಎಂದ ದೌಲತರಾಯ.

"ನೀವು ಹೋದರ ಮೈಮ್ಯಾಲಿನ ಧೋತರಾನೂ ಕೊಟ್ಟ ಬರ್ತೀರಿ. ಸ್ಟೇಶನ್ನಿಗಿ ಗಾಡಿ ಕಟ್ಟಸ್ರಿ. ನಾನೂ ಶಾರದಾನೂ ಹೋಗ್ತೇವಿ."

ಶನಿವಾರ ಇಡೀ ಹಗಲು ಗಾಡಿಯಲ್ಲಿ ಕುಲುಕಿ ಗಾಣಗಾಪುರ ರೋಡ ಸ್ಟೇಶನ್ನಿಗೆ ಬಂದರು. ನಿಜಾಮರ ಸೀಮೆ ದಾಟುವವರ ಗಂಟುಮೂಟೆ ನೋಡಲು ಅಲ್ಲಿ ಸುಂಕದ ಕರೋಡಗಿರಿ ನಾಕಾ ಇತ್ತು. ಅದರ ಜವಾನ ಲಾಡ್ಲೆಸಾಬ ಬಾಗಿಲಲ್ಲಿ ಅಡ್ಡ ನಿಂತ.

"ಏನ ಒಯ್ಯಾಕತ್ತೀರಿ ಬಾಯಾರ?"

"ರೊಟ್ಟಿ, ಶೇಂಗಾ ಹಿಂಡಿ, ಮಗಳು."

"ಮೊದಲಿನ ಎರಡಕ್ಕ ಸುಂಕ ಇಲ್ರಿ." ಲಾಡ್ಲೆಸಾಬ ಶಾರದಾಳ ಕೈಯಲ್ಲಿದ್ದ ಪುಸ್ತಕದ ಗಂಟನ್ನು ನೋಡಿದ. "ಓದಾಕೇನ್ರಿ? ಆ ಕಡಿ ಓದಿ ಬಂದವರು ಗೈರಮುಲ್ಕಿ ಆಗಿ ಬರ್ತಾರಂತ. ನಾ ಅಲ್ರಿ, ಮಂದಿ ಅಂತಾರ."

ಹೋಟಗಿಯಲ್ಲಿ ಗಾಡಿ ಬದಲಿಸಿ ವಿಜಾಪುರ ಮುಟ್ಟುವತನಕ ಸುಭದ್ರಾಬಾಯಿ ಕಣ್ಣು ಮುಚ್ಚಲಿಲ್ಲ. ಶಾರದಾ ಕಿಟಕಿಯ ಪಕ್ಕ ಕೂತು ಓಡುವ ತಂತಿಕಂಬಗಳನ್ನು ನೋಡುತ್ತ, ಅವು ಒಂದರ ಕಿವಿಯಲ್ಲಿ ಒಂದು ಏನೋ ಹೇಳಿಕೊಂಡು ಹೋಗುತ್ತಿವೆ ಎಂದಳು. ನಮ್ಮ ಸುದ್ದಿಯನ್ನೇ ಇರಬೇಕು ಎಂದಳು ತಾಯಿ.

ನಾಗಣ್ಣ ಸ್ಟೇಶನ್ನಿಗೆ ಬಂದಿದ್ದ. ಮನೆಯಲ್ಲಿ ಅವನ ಹೆಂಡತಿ ಹೋಳಿಗೆ ಮಾಡಿದ್ದಳು. ಕಾರಣವಿಲ್ಲದೆ ಹೋಳಿಗೆ ಮಾಡಿದವರನ್ನು ಸುಭದ್ರಾಬಾಯಿ ಎಂದೂ ನಂಬಿರಲಿಲ್ಲ. ಊಟಕ್ಕೆ ಕೂತಾಗ, ಎಲ್ಲರೂ ಇರುವಾಗಲೇ ಮಾತು ತೆಗೆದಳು.

"ನಾಗಣ್ಣಾ, ಈ ಮುಲ್ಕಿ ಸುದ್ದಿ ಏನೋ?"

ಬಡಿಸುತ್ತಿದ್ದ ತಮ್ಮನ ಹೆಂಡತಿಯ ಕೈಯಿಂದ ತುಪ್ಪದ ಚಮಚ ಜಾರಿತು. ಎದುರಿಗೆ ಕೂತಿದ್ದ ಶಿವಶರಣನ ಕಿವಿ ಕೆಂಪಾದವು; ಅರ್ಧ ಹೋಳಿಗೆ ಬಿಟ್ಟು ಎದ್ದು ಹೋದ. ನಾಗಣ್ಣ ಕೆಮ್ಮಿದ.

"ಅಕ್ಕಾ, ಆ ಮಾತ ಈ ಮನ್ಯಾಗ ಬ್ಯಾಡ. ನಾಳೆ ಸಾಲ್ಯಾಗ ಕೇಳೋಣು."

ಸುಭದ್ರಾಬಾಯಿ ತಲೆಯಾಡಿಸಿದಳು. ಮನೆಯೆಲ್ಲ ಒಂದಾಗಿದೆ. ಆ ದಿನ ಮಲಗುವಾಗ ಮಗಳ ಸೆರಗಿನ ತುದಿಯನ್ನು ತನ್ನ ಸೆರಗಿಗೆ ಗಂಟು ಹಾಕಿಕೊಂಡಳು.

ಸೋಮವಾರ ಬೆಳಿಗ್ಗೆ ಹೈಸ್ಕೂಲಿನ ಪಡಸಾಲೆಯಲ್ಲಿ ತಾಯಿ ಮಗಳು ಹೆಡ್‌ಮಾಸ್ತರರ ಕೋಣೆಯ ಮುಂದೆ ಕಾಯುತ್ತ ಕೂತರು. ನಾಗಣ್ಣ ಅಂಗಡಿ ತೆರೆದು ಬರುತ್ತೇನೆಂದು ಹೋಗಿದ್ದ. ಅಲ್ಲೇ ಗೋಡೆಗೆ ಒರಗಿ ಇನ್ನೊಬ್ಬ ಹೆಂಗಸು ಕೂತಿದ್ದಳು, ಹಣಮವ್ವ ಎಂದು ಹೆಸರು, ಸಿಂದಗಿಯ ಕಡೆಯವಳು. ಮಗನ ಪ್ರವೇಶಕ್ಕೆ ಬೇಡಿಕೊಳ್ಳಲು ಬಂದಿದ್ದಳಂತೆ. ಎಲೆಯಡಿಕೆಯ ಸಂಚಿ ಬಿಚ್ಚಿ ಮಾತಿಗೆ ತೊಡಗಿದಳು.

"ನಿಮ್ಮ ಹುಡುಗಿ ಮುಲ್ಕಿ ಆಗ್ಯಾಳೇನುಬೇ?"

ಸುಭದ್ರಾಬಾಯಿಯ ಮೈ ಉರಿಯಿತು. "ಹುಟ್ಟಿದಾಗಿಂದ ಮುಲ್ಕಿ ಇದ್ದಾಳ."

ಹಣಮವ್ವ ಸುಣ್ಣ ಹಚ್ಚುವ ಬೆರಳನ್ನು ಅಲ್ಲಿಗೇ ನಿಲ್ಲಿಸಿದಳು. "ಹುಟ್ಟಿದಾಗಿಂದ? ಶಿವನ, ನನ್ನ ಮಗ ಎರಡ ವರ್ಷದಿಂದ ಗುದ್ಯಾಡಾಕತ್ಯಾನ, ಇನ್ನಾ ಆಗಿಲ್ಲ."

"ನೀವು ಬ್ಯಾರೆ ಕಡಿಯಿಂದ ಬಂದವರೇನು?"

"ಇಲ್ಲೇ ಹುಟ್ಟಿ ಇ‌ಲ್ಲೇ ಬೆಳದೇವಿ. ನಮ್ಮಪ್ಪ, ಮುತ್ಯಾ ಎಲ್ಲಾರೂ."

"ಅವರೂ ಮುಲ್ಕಿ ಅಲ್ಲೇನು?"

"ಅವರೆಲ್ಲಿ ಆಗ್ತಾರ? ನಮ್ಮ ಮನಿತನದಾಗ ನಮ್ಮ ಮೈದುನನ ಮಗ ಒಬ್ಬಂವ ಆಗ್ಯಾನ. ಅವಗ ಮಾಸ್ತರಕಿ ಸಿಕ್ಕದ. ಆವತ್ತ ಊರಿಗೆಲ್ಲಾ ಸಕ್ಕರಿ ಹಂಚೀವಿ."

ಎಂಥ ಸರ್ಕಾರವಪ್ಪ ಇದು ಎಂದುಕೊಂಡಳು ಸುಭದ್ರಾಬಾಯಿ. ಮುತ್ಯಾನ ಕಾಲದಿಂದ ಅದೇ ಮಣ್ಣಿನಲ್ಲಿ ಇದ್ದವರನ್ನೂ ಇಲ್ಲಿಯವರಲ್ಲ ಎನ್ನುತ್ತಾರೆ. ಒಂದು ಮನೆತನದಲ್ಲಿ ಒಬ್ಬನನ್ನು ಆರಿಸಿ ಮುಲ್ಕಿ ಮಾಡುತ್ತಾರೆ. ಇಂಥ ಜಾಗದಲ್ಲಿ ಮಗಳನ್ನು ಬಿಡುವುದುಂಟೇ. ಕಾಗದ ಕಸಿದುಕೊಂಡು ಮಧ್ಯಾಹ್ನದ ಗಾಡಿಗೇ ಹೊರಡಬೇಕು.

"ನನ್ನ ಮಗ ಕನ್ನಡದಾಗ ಬೆಂಕಿ," ಹಣಮವ್ವ ಎಲೆ ಬಾಯಿಗಿಟ್ಟುಕೊಂಡು ಮುಂದುವರಿಸಿದಳು. "ಇತಿಹಾಸದಾಗೂ ಪಾಸು. ಗಣಿತದಾಗ ಹೋಗತದ ಬೇ. ಪ್ರತಿ ಸಲ ಮುಲ್ಕಿ ಗಣಿತದಾಗ ಹೋಗತದ."

ಇಷ್ಟು ಹೊತ್ತು ಪಡಸಾಲೆಯ ಕಂಬದ ಮೇಲೆ ಓಡಾಡುವ ಅಳಿಲನ್ನು ನೋಡುತ್ತಿದ್ದ ಶಾರದಾ ತಿರುಗಿದಳು. "ಗಣಿತದಾಗ? ಮುಲ್ಕಿಗಿ ಗಣಿತ ಯಾಕ?"

"ಮತ್ತ? ಏಳನೇ ಇಯತ್ತೆ ಪರೀಕ್ಷಾ ಗಣಿತ ಬಿಟ್ಟ ಆಗ್ತದೇನ ತಂಗಿ?"

ಶಾರದಾ ಬಾಯಿಗೆ ಸೆರಗು ಹಿಡಿದಳು. ಭುಜ ಅಲುಗಿದವು. ಮಗಳು ಅಳುತ್ತಿದ್ದಾಳೆ ಎಂದುಕೊಂಡು ಸುಭದ್ರಾಬಾಯಿ ಅವಳ ಮುಖವನ್ನು ತಿರುಗಿಸಿದಳು. ನಗುತ್ತಿದ್ದಳು.

"ಅವ್ವಾ, ಇವರ ಕಡಿ ಮುಲ್ಕಿ ಅಂದ್ರ ಪರೀಕ್ಷಾ ಬೇ. ಏಳನೇ ಇಯತ್ತೆ ಪರೀಕ್ಷಾದ ಹೆಸರು ಅದು. ಅವರು ನಾ ಪಾಸ ಆದ ಕಾಗದ ಕೇಳ್ಯಾರ. ಅಪ್ಪ ನಾ ಹುಟ್ಟಿದ ಸೀಮಿ ಕಾಗದ ಕಳಸ್ಯಾನ."

ಹೊಳೆಯ ಎರಡು ದಂಡೆಯಲ್ಲಿ ಒಂದೇ ವಸ್ತುವಿಗೆ ಎರಡು ಹೆಸರಿರುವುದು ಸುಭದ್ರಾಬಾಯಿಗೆ ಗೊತ್ತಿತ್ತು. ಇಂಗ್ರೇಜಿಯವರ ವರ್ಷ ಬೇರೆ, ನಿಜಾಮರ ಫಸಲಿ ವರ್ಷ ಬೇರೆ. ಅವರ ರೂಪಾಯಿ ಕಲದಾರು, ಇವರದು ಹಾಲಿ. ಆದರೆ ಒಂದೇ ಹೆಸರಿನೊಳಗೆ ಎರಡು ವಸ್ತು ಅಡಗಿ ಕೂತಿರಬಹುದೆಂದು ಅವಳಂಥ ಅನುಮಾನದವಳಿಗೂ ಹೊಳೆದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಮರುಗಳಿಗೆಯಲ್ಲೇ ಹೊಸದೊಂದು ಅನುಮಾನ ಹುಟ್ಟಿ ಅದನ್ನು ಒರೆಸಿಹಾಕಿತು: ಇದು ಪರೀಕ್ಷೆಯ ಹೆಸರಾದರೆ ತಮ್ಮ ಅದನ್ನು ಮನೆಯಲ್ಲಿ ಹೇಳಲು ಯಾಕೆ ಹೆದರಿದ?

ಒಳಗೆ ಹೆಡ್‌ಮಾಸ್ತರರು ಮೇಜಿನ ಖಾನೆಯಿಂದ ಕಾಗದ ತೆಗೆದು ಮುಂದೆ ಇಟ್ಟರು. ತೆಳ್ಳಗಿನ ಮನುಷ್ಯ, ಕರಿ ಟೊಪ್ಪಿಗೆ. "ಸಿಕ್ಕಾ ಇದ್ದ ಅಸಲು ಕಾಗದ. ಸಾದಾ ಟಪಾಲಿನ್ಯಾಗ ಹಾಕಿ ಕಳಕೊಂಡರ ಹೆಂಗ ಅಂತ ತಗದ ಇಟ್ಟಿದ್ದೆ. ಉರ್ದು ನನಗ ಓದಾಕ ಬರೂದಿಲ್ಲ, ಬರೋ ಮಾಸ್ತರರು ಆವಾಗ ರಜಾದ ಮ್ಯಾಲ ಇದ್ದರು. ಆದರ ಇದು ಪರೀಕ್ಷಾದ್ದಲ್ಲ ಅನ್ನೂದಷ್ಟು ತಿಳೀತು."

ಸುಭದ್ರಾಬಾಯಿ ಕಾಗದವನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ನೋಡಿ, ಮಗಳ ಕೈಯಲ್ಲಿ ಓದಿಸಿ, ಆಮೇಲೆ ಕುಪ್ಪಸದಲ್ಲಿ ಇಟ್ಟುಕೊಂಡಳು.

"ಮುಲ್ಕಿ ಆಗದವರನ್ನ ತಗೊಳ್ಳಾಕ ನಿಯಮ ಇಲ್ಲ," ಎಂದರು ಹೆಡ್‌ಮಾಸ್ತರರು. "ಆದರ ಬ್ಯಾರೆ ಸೀಮಿಯಿಂದ ಬಂದವರಿಗೆ ನಾನ ಪರೀಕ್ಷಾ ತಗೊಂಡು ಸೇರಿಸಿಕೊಳ್ಳಬಹುದು. ಈಗ ಕೂಡ್ತಿಯೇನ ತಂಗಿ?"

"ಪೇಪರ ಯಾರ ನೋಡ್ತಾರ್ರಿ?" ಎಂದಳು ಸುಭದ್ರಾಬಾಯಿ.

"ನಾನ."

"ನಾ ಇಲ್ಲೇ ಕೂಡ್ತೇನಿ."

ಅವರು ನಕ್ಕು, ಒಂದು ಕುರ್ಚಿ ತರಿಸಿಕೊಟ್ಟರು. ಶಾರದಾ ಎರಡು ತಾಸು ಬರೆದಳು. ಕನ್ನಡದಲ್ಲಿ ಒತ್ತಕ್ಷರಗಳು ಅತ್ತಿತ್ತ ಹೋಗಿದ್ದವು. ಇಂಗ್ಲಿಷು ಎಬಿಸಿಡಿ ದಾಟಿ ನಾಲ್ಕು ಹೆಜ್ಜೆ ಅಷ್ಟೆ. ಗಣಿತದ ಹಾಳೆಯನ್ನು ನೋಡಿ ಹೆಡ್‌ಮಾಸ್ತರರು ಚಷ್ಮಾ ತೆಗೆದು ಒರೆಸಿಕೊಂಡರು. ಅಂಕಿಗಳೆಲ್ಲ ಉರ್ದು. ಫಾರಸಿ ಕಲಿಸುವ ಅಬ್ದುಲ್ ಗನಿ ಮಾಸ್ತರರನ್ನು ಕರೆಸಬೇಕಾಯಿತು. ಅವರು ಬೆರಳಿಟ್ಟು ಒಂದೊಂದೇ ಸಾಲು ಓದಿ ಹೇಳಿದರು. ಹೆಡ್‌ಮಾಸ್ತರರು ಬೇರೆ ಹಾಳೆಯ ಮೇಲೆ ಮಾಡಿ ತಾಳೆ ನೋಡಿದರು. ಹತ್ತಕ್ಕೆ ಹತ್ತೂ ಸರಿ.

"ಇಂಥಾ ಗಣಿತ ನಮ್ಮ ಹುಡುಗರಿಗೆ ಬಂದಿದ್ದರ ಹೊರಗ ಕೂತ ಆ ತಾಯಿ ಯಾಕ ಬೇಡಿಕೊಳ್ಳಬೇಕಿತ್ತು," ಎಂದರು ಹೆಡ್‌ಮಾಸ್ತರರು. "ನೋಡ್ರಿ, ಹೈಸ್ಕೂಲಿನ್ಯಾಗ ಇಂಗ್ಲಿಷ್ ಇಯತ್ತೆ ಅಂತ ಎಣಿಕಿ ಬ್ಯಾರೆ, ಅದರ ಏಳನೇದು ಮ್ಯಾಟ್ರಿಕ್ಕು. ಗಣಿತಕ್ಕ ಇಂಗ್ಲಿಷ್ ನಾಲ್ಕನೇ ಇಯತ್ತೆ ಕೊಡಬಹುದು. ಭಾಷಾ ಸಾಲೂದಿಲ್ಲ. ಮೂರನೇದಕ್ಕ ಕೂಡಸ್ತೀನಿ. ಒಂದ ವರ್ಷ ಹೆಚ್ಚಾಗತದ, ಆದರ ಮ್ಯಾಟ್ರಿಕ್ಕು ಗಟ್ಟಿ ಆಗತದ. ಆಮ್ಯಾಲೆ ಧಾರವಾಡದ ಕಾಲೇಜಿನ್ಯಾಗ ಇಕಿಗೆ ಯಾರೂ ಬಾಗಲಾ ಹಾಕೂದಿಲ್ಲ."

"ಐದ ವರ್ಷ ಇಲ್ಲಿ ಓದಿದರ ನಮ್ಮ ಕಡಿ ಮುಲ್ಕಿ ಹೋಗತದ ಅಂತಾರಲ್ಲರಿ. ಹೋಗಂಗಿಲ್ಲ ಅಂತ ಬರದ ಕೊಡ್ರಿ."

ಹೆಡ್‌ಮಾಸ್ತರರು ಲೇಖಣಿಯನ್ನು ದೌತಿಯ ಪಕ್ಕ ಇಟ್ಟರು. "ಅದನ್ನ ನಾ ಬರದ ಕೊಡಾಕ ಬರೂದಿಲ್ಲವ್ವ. ಅದು ನಿಮ್ಮ ಸರ್ಕಾರದ ಮಾತು. ನನಗ ಗೊತ್ತಿಲ್ಲ."

ಗೊತ್ತಿಲ್ಲ ಎಂಬ ಮಾತನ್ನು ಈ ಎರಡು ತಿಂಗಳಲ್ಲಿ ಯಾರ ಬಾಯಿಯಿಂದಲೂ ಅವಳು ಕೇಳಿರಲಿಲ್ಲ. ಎಲ್ಲರಿಗೂ ಎಲ್ಲ ಗೊತ್ತಿತ್ತು. ಸಂಜೆಯೊಳಗೆ ಹೇಳುತ್ತೇನೆ ಎಂದು ಎದ್ದಳು.

ಹೊರಗೆ ಬೇವಿನ ಮರದ ಕೆಳಗೆ ನಾಗಣ್ಣ ನಿಂತಿದ್ದ. ಸುಭದ್ರಾಬಾಯಿ ಶಾರದಾಳನ್ನು ಹಣಮವ್ವನ ಹತ್ತಿರ ಕೂಡಿಸಿ ಅವನ ಮುಂದೆ ಬಂದು ನಿಂತಳು. ಇಂದು ಸೋಮವಾರ. ಕಾಗದ ಕೈಯಲ್ಲಿದೆ. ಮಧ್ಯಾಹ್ನದ ಗಾಡಿ ಹಿಡಿದರೆ ಗುರುವಾರದೊಳಗೆ ಕಲಬುರ್ಗಿ ಮುಟ್ಟಬಹುದು. ಈಗ ಎರಡು ಬಾಗಿಲೂ ನಿಜವಾಗಿ ತೆರೆದಿದ್ದವು. ಅದೇ ಹೆಚ್ಚು ಭಯ ಹುಟ್ಟಿಸುತ್ತಿತ್ತು.

"ಶಿವಶರಣ ಎಷ್ಟ ಸಲ ಕುಂತಾನೋ ಮುಲ್ಕಿಗಿ?"

ನಾಗಣ್ಣ ರಸ್ತೆಯ ಕಡೆ ನೋಡಿದ. ಮರದ ಕಡೆ ನೋಡಿದ. ಕೊನೆಗೆ ನೆಲ ನೋಡಿದ.

"ಮೂರು."

"ಮೂರೂ ಸಲ?"

"ಮೂರೂ ಸಲ. ಅದಕ್ಕ ಆ ಮಾತ ಮನ್ಯಾಗ ಎತ್ತಂಗಿಲ್ಲ ಅಕ್ಕಾ. ಎತ್ತಿದರ ಹುಡುಗ ಉಣ್ಣಂಗಿಲ್ಲ, ಅವನ ಅವ್ವ ಅಳ್ತಾಳ. ಮೊದಲಿನ ಕಾಗದ ಬಂದಾಗ ಹೆಡ್‌ಮಾಸ್ತರ ಕೇಳಿದ್ದು ಕಳಸ್ರಿ ಅಂತಷ್ಟ ಬರದೆ. ಆ ಪರೀಕ್ಷಾದ ಹೆಸರ ಬರಿಯಾಕ ಕೈ ಬರ್ಲಿಲ್ಲ."

"ಇನ್ನೇನ ಮುಚ್ಚಿಟ್ಟೀದಿ?"

"ಏನಿಲ್ಲ."

"ನಾಗಣ್ಣಾ."

ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸತೊಡಗಿದ. ಹುಡುಗನಾಗಿದ್ದಾಗ ಬೆಲ್ಲ ಕದ್ದು ಸಿಕ್ಕಿಬಿದ್ದರೆ ಅಂಗಿಯ ತುದಿಯನ್ನು ಹೀಗೇ ತಿರುಗಿಸುತ್ತಿದ್ದ.

"ಮನಸಿನ್ಯಾಗ ಇತ್ತು ಅಕ್ಕಾ. ಸುಳ್ಳ ಯಾಕ ಹೇಳ್ಲಿ. ಶಾರದಾ ಶಾಣ್ಯಾಕಿ. ನಮ್ಮನ್ಯಾಗ ಇದ್ದರ ನನ್ನ ಮಗನೂ ನೋಡಿ ಓದ್ಯಾನು, ಮುಂದ ಸೊಸಿ ಆದರ ಮನಿಗಿ ಬೆಳಕ ಬಂದೀತು ಅಂತ. ಈ ವರ್ಷ ಅಲ್ಲ, ಬರೋ ವರ್ಷ ಅಲ್ಲ. ಆದರ ಇತ್ತು."

ಸುಭದ್ರಾಬಾಯಿ ಅವನನ್ನೇ ನೋಡುತ್ತ ನಿಂತಳು. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಇಷ್ಟು ದಿನ ಕತ್ತಲೆಯಲ್ಲಿ ಕೈಯಾಡಿಸಿ ಹುಡುಕುತ್ತಿದ್ದ ಚೇಳು ಕೊನೆಗೂ ಬೆಳಕಿಗೆ ಬಂದಿತ್ತು. ಅದು ಎಲ್ಲಿದೆಯೆಂದು ತಿಳಿದ ಮೇಲೆ ಅದೇ ಕೋಣೆಯಲ್ಲಿ ಮಲಗಲೂಬಹುದು. ಕಲಬುರ್ಗಿಯ ಗೋಡೆಯೊಳಗೆ ಎಷ್ಟು ಚೇಳಿವೆಯೋ ಅವಳಿಗೆ ಗೊತ್ತಿಲ್ಲ, ಒಂದೂ ಇಲ್ಲದಿರಬಹುದು. ಆದರೆ ಅಲ್ಲಿಯ ಮ್ಯಾಟ್ರಿಕ್ಕಿಗೆ ಇರುವುದು ಒಂದೇ ಊರಿನ ಕಾಲೇಜು. ಒಂದೇ ಬಾಗಿಲಿನ ಮನೆಯನ್ನು ಅವಳು ಎಂದೂ ಇಷ್ಟಪಟ್ಟವಳಲ್ಲ.

"ಶಾರದಾ ಬಿ.ಎ. ಆಗೋತನಕ ನಿನ್ನ ಮನ್ಯಾಗ ಲಗ್ನ ಅನ್ನೋ ಮಾತ ಯಾರರೆ ಆಡಿದರ, ಆವತ್ತ ಬಂದು ಕರಕೊಂಡ ಹೋಗ್ತೇನಿ."

"ಆಗಲಿ ಅಕ್ಕಾ."

"ಅಡಗಿಮನಿಗಿ ಕರಿಬಾರ್ದು. ನಿನ್ನ ಹೆಂಡತಿಗಿ ನೀನ ಹೇಳು."

"ಹೇಳ್ತೇನಿ."

"ಬಿ.ಎ. ಆದ ಮ್ಯಾಲ ಆಕಿ ಹೂಂ ಅಂದರ ಹೂಂ, ಊಹೂಂ ಅಂದರ ಊಹೂಂ. ಅಷ್ಟರಾಗ ನಿನ್ನ ಮಗನೂ ಮುಲ್ಕಿ ಆಗಬೇಕು."

"ಮೊದಲಿನ ಎಲ್ಲಾ ಮಾತ ಕೊಡ್ತೇನಿ ಅಕ್ಕಾ," ನಾಗಣ್ಣ ಟೊಪ್ಪಿಗೆ ತಲೆಗಿಟ್ಟುಕೊಂಡ. "ಕಡೀದು ಒಂದ ಮಾತ್ರ ಕೊಡಾಕ ಬರಂಗಿಲ್ಲ. ಅದು ಗಣಿತದ ಕೈಯಾಗ ಅದ."

ಸುಭದ್ರಾಬಾಯಿಗೆ ನಗು ಬಂತು. ಬಂದ ನಗುವನ್ನು ಸೆರಗಿನಿಂದ ಒರೆಸಿಕೊಂಡು, ಹೆಡ್‌ಮಾಸ್ತರರ ಕೋಣೆಯ ಕಡೆ ನಡೆದಳು. ದಾರಿಯಲ್ಲಿ ಮಗಳನ್ನು ಕೇಳಿದಳು, ಇಲ್ಲಿಯತನಕ ಯಾರೂ ಕೇಳದ ಪ್ರಶ್ನೆ: "ನಿನಗ ಯಾವ ಸಾಲಿ ಬೇಕಬೇ?"

ಶಾರದಾ ಯೋಚಿಸಿದಳು. "ಕಲಬುರ್ಗ್ಯಾಗ ಎಲ್ಲಾ ನನಗ ಬರ್ತದ. ಇಲ್ಲಿ ಏನೂ ಬರಂಗಿಲ್ಲ," ಎಂದಳು. "ಇಲ್ಲೇ ಇರ್ತೇನಿ."

ಮರುದಿನ ಸುಭದ್ರಾಬಾಯಿ ಗಾಡಿಗೆ ಹೊರಡುವ ಮೊದಲು ಸಾಲಿಗೆ ಬಂದಳು. ನಾಗಣ್ಣ ಬೇಡವೆಂದರೂ ಕೇಳಲಿಲ್ಲ. ಮೂರನೇ ಇಯತ್ತೆಯ ಕೋಣೆಯ ಹೊರಗೆ, ಕಿಟಕಿಗೆ ಕಾಣದಂತೆ ಗೋಡೆಯ ಬದಿಗೆ ನಿಂತಳು. ಒಳಗೆ ಮಾಸ್ತರರು ಹಾಜರಿ ತೆಗೆದುಕೊಳ್ಳುತ್ತಿದ್ದರು. ಒಂದೊಂದು ಹೆಸರಿಗೂ ಎಸ್ ಸರ್, ಎಸ್ ಸರ್ ಎಂದು ಹುಡುಗರ ದನಿ. ಶಾರದಾಬಾಯಿ ದೌಲತರಾಯ, ಅಫಜಲಪುರ, ಎಂದರು.

"ಹಾಜಿರ್ ಜನಾಬ್," ಎಂದಳು ಶಾರದಾ, ಊರ ಸಾಲಿಯ ರೂಢಿಯಲ್ಲಿ.

ಕೋಣೆ ನಗೆಯಿಂದ ತುಂಬಿತು. ಸುಭದ್ರಾಬಾಯಿ ಗೋಡೆಗೆ ಕೈ ಊರಿದಳು. ಮಾಸ್ತರರು ಬಯ್ಯುವರೋ, ತಾವೂ ನಗುವರೋ ಎಂದು ಕಿವಿಗೊಟ್ಟಳು. ಅವರು ಎರಡನ್ನೂ ಮಾಡಲಿಲ್ಲ. ನಗು ತಾನೇ ಇಳಿಯುವತನಕ ಕಾದು, ಮುಂದಿನ ಹೆಸರು ಕರೆದರು.